ಡಿಸ್ಟೆಂಪರ್: ನಾಯಿಮರಿಯಿಂದ ಗಿರ್ ಸಿಂಹದವರೆಗೆ

ನಾಲ್ಕು ತಿಂಗಳ ಮರಿ ಅದು. ನಮ್ಮ ಬೀದಿಯ ಬೇಕರಿ ಎದುರು ಮಲಗಿತ್ತು. ಕಣ್ಣು ತುಂಬ ಗೀಜು, ಮೂಗಿನಲ್ಲಿ ಗಟ್ಟಿ ಸಿಂಬಳ. ನಿದ್ದೆಯಲ್ಲೂ ಒಂದು ಹಿಂಗಾಲು ಬಿಡದೆ ಅದುರುತ್ತಿತ್ತು. ಆಗಾಗ ಏನನ್ನೋ ಅಗಿಯುವ ಹಾಗೆ ದವಡೆ ಕಟಕಟ ಎನ್ನುತ್ತಿತ್ತು. ‘ಹುಚ್ಚು ಹಿಡಿದಿದೆ, ಹತ್ತಿರ ಹೋಗಬೇಡಿ’ ಅಂದರು ಸುತ್ತ ನಿಂತವರು. ಪಶುವೈದ್ಯರು ಬಂದು, ಕೈಗವಸು ಹಾಕಿಕೊಂಡು ನೋಡಿ, ‘ಡಿಸ್ಟೆಂಪರ್ ಇರಬೇಕು’ ಅಂದರು. ಮೂರನೇ ದಿನ ಮರಿ ಸತ್ತಿತು. ಅದೇ ವಾರ ಅದರ ಒಡಹುಟ್ಟಿದ ಇನ್ನೆರಡು ಮರಿಗಳೂ ಹೋದವು.

ನಾಯಿ ಸಾಕಿದವರಿಗೆ ಈ ಹೆಸರು ಹೊಸದಲ್ಲ. ಆದರೆ ಇದನ್ನು ಬರೀ ನಾಯಿ ಕಾಯಿಲೆ ಅಂದುಕೊಂಡಿದ್ದೇ ದೊಡ್ಡ ತಪ್ಪಾಯಿತು. ನರಿ, ತೋಳ, ಸೀಳುನಾಯಿ, ಸೀಲ್, ಸಿಂಹ, ಹುಲಿ, ಎಲ್ಲಕ್ಕೂ ಇದು ಬರುತ್ತದೆ.

ಮಕ್ಕಳಿಗೆ ಬರುವ ದಡಾರದ ವೈರಸ್ಸಿಗೆ ಇದು ದಾಯಾದಿ. ದನಗಳನ್ನು ಕಾಡಿ, 2011ರಲ್ಲಿ ಜಗತ್ತಿನಿಂದಲೇ ತೊಲಗಿದ ರಿಂಡರ್‌ಪೆಸ್ಟ್ ಕೂಡ ಇದೇ ವಂಶದ್ದು. ಕೆಮ್ಮು, ಸೀನಿನ ಹನಿಗಳಲ್ಲಿ ಹರಡುತ್ತದೆ. ಮೊದಲು ರೋಗನಿರೋಧಕ ಶಕ್ತಿಯನ್ನೇ ಮುರಿಯುತ್ತದೆ. ಆಮೇಲೆ ಶ್ವಾಸಕೋಶ, ಕರುಳು, ಕೊನೆಗೆ ಮಿದುಳು. ವೈರಸ್ಸನ್ನೇ ಕೊಲ್ಲುವ ಔಷಧಿ ಇವತ್ತಿಗೂ ಇಲ್ಲ. ಡ್ರಿಪ್ಸ್ ಹಾಕಿ, ಬೇರೆ ಸೋಂಕು ತಗಲದಂತೆ ನೋಡಿಕೊಂಡು ಕಾಯಬೇಕು ಅಷ್ಟೇ.

ಸಿಡುಬಿನ ಲಸಿಕೆಯ ಎಡ್ವರ್ಡ್ ಜೆನ್ನರ್ 1809ರಲ್ಲೇ ಈ ಕಾಯಿಲೆಯ ಲಕ್ಷಣಗಳನ್ನು ಬರೆದಿಟ್ಟಿದ್ದ. ಫ್ರಾನ್ಸಿನ ಆನ್ರಿ ಕಾರೆ 1905ರಲ್ಲಿ, ಬ್ಯಾಕ್ಟೀರಿಯಾ ನುಸುಳಲಾಗದ ಸೋಸುಗದಲ್ಲಿ ಸೋಸಿದ ಸಿಂಬಳದಿಂದಲೂ ರೋಗ ಹರಡುತ್ತದೆ ಎಂದು ತೋರಿಸಿದ. ಅಂದರೆ ಕಾರಣ ವೈರಸ್. ಬಹಳ ಜನ ನಂಬಲಿಲ್ಲ.

ನಂಬಿಸಿದ್ದು ಬ್ರಿಟನ್ನಿನ ಬೇಟೆನಾಯಿಗಳ ಒಡೆಯರ ದುಡ್ಡು. 1920ರ ದಶಕದಲ್ಲಿ ‘ದ ಫೀಲ್ಡ್’ ಪತ್ರಿಕೆ ಓದುಗರಿಂದ ಚಂದಾ ಎತ್ತಿತು. ಲಂಡನ್ನಿನ ಮಿಲ್ ಹಿಲ್‌ನಲ್ಲಿ ಪ್ಯಾಟ್ರಿಕ್ ಲೇಡ್ಲಾ ಮತ್ತು ಜಾರ್ಜ್ ಡಂಕಿನ್ ಕೆಲಸ ಶುರುಮಾಡಿದರು. ಮುಂಗುಸಿಯ ಹಾಗೆ ಉದ್ದ ಮೈಯ ಫೆರೆಟ್ ಎಂಬ ಪ್ರಾಣಿಗೆ ಈ ರೋಗ ಸುಲಭವಾಗಿ ತಗಲುತ್ತದೆ ಎಂದು ಕಂಡುಕೊಂಡು, ಅದರ ಮೇಲೆ ಪ್ರಯೋಗ ಮಾಡಿ ಲಸಿಕೆ ತಂದರು. ಆರೋಗ್ಯವಂತ ಪ್ರಾಣಿಗಳ ಬಳಿ ಹೋಗುವವರು ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಒಳಗೆ ಕಾಲಿಡಬೇಕಿತ್ತು. ಆ ಫೆರೆಟ್‌ಗಳಿಂದ ನಮಗೂ ಉಪಕಾರವಾಗಿದೆ. 1933ರಲ್ಲಿ ಮನುಷ್ಯರ ಫ್ಲೂ ವೈರಸ್ಸನ್ನು ಮೊದಲ ಸಲ ಬೇರ್ಪಡಿಸಿದ್ದು ಅಲ್ಲೇ, ಫೆರೆಟ್‌ಗಳ ಸಹಾಯದಿಂದಲೇ.

ಲಸಿಕೆ ಬಂತು, ಸಾಕುನಾಯಿಗಳು ಬದುಕಿದವು. ಕಾಡಿನ ಕಡೆ ಮಾತ್ರ ಯಾರೂ ಅಷ್ಟಾಗಿ ನೋಡಲಿಲ್ಲ. 1985ರಲ್ಲಿ ಅಮೆರಿಕದ ವಯೋಮಿಂಗ್‌ನಲ್ಲಿ ಕಪ್ಪು ಕಾಲಿನ ಕಾಡು ಫೆರೆಟ್‌ಗಳಿಗೆ ಇದು ಹೊಕ್ಕಿತು. ಕೊನೆಗೆ ಉಳಿದ 18ನ್ನು ಹಿಡಿದು ತಂದು ವಂಶ ಉಳಿಸಬೇಕಾಯಿತು.

ಆಮೇಲೆ ಸೆರೆಂಗೆಟಿ. 1994ರ ಆರಂಭದಲ್ಲಿ ತಾಂಜಾನಿಯಾದ ಆ ಬಯಲಿನ ಮೇಲೆ ಬಿಸಿಗಾಳಿ ಬಲೂನಿನಲ್ಲಿ ಹೋಗುತ್ತಿದ್ದ ಪ್ರವಾಸಿಗರಿಗೆ ಕೆಳಗೆ ಒಂದು ಗಂಡು ಸಿಂಹ ಫಿಟ್ಸ್ ಬಂದು ಒದ್ದಾಡುವುದು ಕಂಡಿತು. ನೋಡನೋಡುತ್ತಿದ್ದಂತೆ ಅಲ್ಲಿದ್ದ ಸುಮಾರು 3,000 ಸಿಂಹಗಳಲ್ಲಿ 1,000ದಷ್ಟು ಇಲ್ಲವಾದವು. ಸುತ್ತಲಿನ ಹಳ್ಳಿಗಳಲ್ಲಿ ಸಾವಿರಾರು ನಾಯಿಗಳಿದ್ದವು. ಬೆರಳು ಅವುಗಳ ಕಡೆ ಹೋಯಿತು.

ಆದರೆ ಹಳೆಯ ರಕ್ತದ ಮಾದರಿಗಳು ಬೇರೆ ಕಥೆ ಹೇಳಿದವು. ಇದೇ ವೈರಸ್ ಸಿಂಹಗಳ ನಡುವೆ ಬೇರೆ ವರ್ಷಗಳಲ್ಲೂ ಓಡಾಡಿತ್ತು, ಸಾವಿನ ಸದ್ದೇ ಇಲ್ಲದೆ! ಹಾಗಿದ್ದರೆ 1994ರಲ್ಲಿ ಏನಾಯಿತು? ಹಿಂದಿನ ವರ್ಷ ಬರಗಾಲ. ಹೊಟ್ಟೆಗಿಲ್ಲದೆ ಸೊರಗಿದ ಕಾಡೆಮ್ಮೆಗಳ ಮೈತುಂಬ ಉಣ್ಣೆ ಹುಳ. ಆ ಕಾಡೆಮ್ಮೆಗಳನ್ನು ತಿಂದ ಸಿಂಹಗಳಿಗೆ ಉಣ್ಣೆ ಹುಳದಿಂದ ಹರಡುವ ಬೇಬೀಸಿಯಾ ಎಂಬ ರಕ್ತದ ಪರಾವಲಂಬಿ ಜಾಸ್ತಿ ಹತ್ತಿತು. ಮೊದಲೇ ಸೋತ ಮೈಯ ಮೇಲೆ ವೈರಸ್ ಬಿತ್ತು. 2001ರಲ್ಲಿ ಪಕ್ಕದ ಎಂಗೊರೊಂಗೊರೊದಲ್ಲಿ ಮತ್ತೆ ಹಾಗೆಯೇ ಆಯಿತು. ಹಳ್ಳಿನಾಯಿಗಳಿಗೆ ಲಸಿಕೆ ಹಾಕಿದ್ದರಿಂದ ನಾಯಿಗಳಲ್ಲಿ ರೋಗ ಕಡಿಮೆಯಾಯಿತು, ಸಿಂಹಗಳಿಗೆ ಸೋಂಕು ತಗಲುವುದು ಮಾತ್ರ ನಿಲ್ಲಲಿಲ್ಲ. ಕತ್ತೆಕಿರುಬ, ನರಿಗಳಂಥ ಕಾಡುಪ್ರಾಣಿಗಳಲ್ಲೂ ವೈರಸ್ ಸುತ್ತುತ್ತಿರುತ್ತದೆ. ರಷ್ಯಾದ ಅಮೂರ್ ಹುಲಿಗಳ ವಿಷಯದಲ್ಲೂ 2020ರ ಅಧ್ಯಯನವೊಂದು ಇದನ್ನೇ ಹೇಳಿತು: ಮೂಲ ಕಾಡಿನೊಳಗೇ ಇದೆ, ವರ್ಷಕ್ಕೆ ಒಂದೆರಡು ಹುಲಿಗಳಿಗಾದರೂ ಲಸಿಕೆ ಹಾಕಿ.

ಈಗ ನಮ್ಮ ದೇಶಕ್ಕೆ ಬರೋಣ. ಏಷ್ಯಾದ ಸಿಂಹಗಳು ಕಾಡಿನಲ್ಲಿ ಉಳಿದಿರುವುದು ಗುಜರಾತಿನ ಗಿರ್ ಮತ್ತು ಅದರ ಸುತ್ತಮುತ್ತ ಮಾತ್ರ. ಒಂದೇ ಕಡೆ ಇಟ್ಟರೆ ಒಂದು ಸಾಂಕ್ರಾಮಿಕ ರೋಗ ಸಾಕು ಎಂದು ವಿಜ್ಞಾನಿಗಳು ಹೇಳುತ್ತಲೇ ಬಂದಿದ್ದರು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಆರು ತಿಂಗಳೊಳಗೆ ಕೆಲವು ಸಿಂಹಗಳನ್ನು ಮಧ್ಯಪ್ರದೇಶದ ಕುನೋಗೆ ಕಳಿಸಿ ಎಂದಿತು. ಒಂದೂ ಹೋಗಲಿಲ್ಲ.

2018ರ ಸೆಪ್ಟೆಂಬರ್‌ನಲ್ಲಿ ಗಿರ್‌ನ ದಲ್ಖಾನಿಯಾ ವಲಯದಲ್ಲಿ ಸಿಂಹಗಳ ಹೆಣಗಳು ಸಿಗತೊಡಗಿದವು. ಕಾದಾಡಿ ಸತ್ತಿವೆ ಎಂದು ಮೊದಮೊದಲು ಹೇಳಲಾಯಿತು. ಮೂರು ವಾರದಲ್ಲಿ 23 ಸಿಂಹಗಳು ಸತ್ತವು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಪರೀಕ್ಷಿಸಿದಾಗ ಡಿಸ್ಟೆಂಪರ್ ಎಂದು ಗೊತ್ತಾಯಿತು. ಜೊತೆಗೆ ಬೇಬೀಸಿಯಾ ಕೂಡ ಇತ್ತು. ಸೆರೆಂಗೆಟಿ ಪಾಠ ಓದಿದವರಿಗೆ ಎದೆ ಧಸಕ್ಕೆನ್ನುವ ವಿಷಯ ಅದು. ಅಮೆರಿಕದಿಂದ ತರಾತುರಿಯಲ್ಲಿ 300 ಡೋಸ್ ಲಸಿಕೆ ತರಿಸಲಾಯಿತು.

ಅದೃಷ್ಟಕ್ಕೆ ರೋಗ ಒಂದು ಮೂಲೆಯಲ್ಲೇ ನಿಂತಿತು. ಸಿಂಹಗಳ ಸಂಖ್ಯೆ 2020ರಲ್ಲಿ 674, 2025ರಲ್ಲಿ 891. ಖುಷಿಯ ಸುದ್ದಿ, ಅಲ್ವಾ? ನನಗೂ ಖುಷಿಯೇ. ಆದರೆ ಆ 891 ಸಿಂಹಗಳೂ ಒಂದೇ ರಾಜ್ಯದಲ್ಲಿ, ಹಳ್ಳಿ, ಹೊಲ, ದನ, ನಾಯಿಗಳ ನಡುವೆ ಓಡಾಡಿಕೊಂಡಿವೆ. ಕುನೋಗೆ 2022ರಲ್ಲಿ ಬಂದದ್ದು ಸಿಂಹಗಳಲ್ಲ, ಆಫ್ರಿಕಾದ ಚೀತಾಗಳು.

ಸುಮ್ನೆ ನಾಯಿಗಳನ್ನು ಬೈದು ಪ್ರಯೋಜನವಿಲ್ಲ. ಹಾಗಂತ ಅವುಗಳ ಲಸಿಕೆ ಬೇಡ ಎಂದೂ ಅಲ್ಲ. ನಮ್ಮಲ್ಲಿ ಬೀದಿನಾಯಿಗೆ ಲಸಿಕೆ ಅಂದರೆ ಸಾಮಾನ್ಯವಾಗಿ ರೇಬೀಸ್ ಲಸಿಕೆ ಮಾತ್ರ. ಬೆಂಗಳೂರಿನಲ್ಲಿ 2023ರ ಗಣತಿಯಂತೆ ಸುಮಾರು 2.79 ಲಕ್ಷ ಬೀದಿನಾಯಿಗಳಿವೆ. 2024ರಲ್ಲಿ ಪಾಲಿಕೆ ಡಿಸ್ಟೆಂಪರ್ ಕೂಡ ಸೇರಿದ ಸಂಯುಕ್ತ ಲಸಿಕೆ ಹಾಕಲು ಶುರುಮಾಡಿತು. ಒಳ್ಳೆಯ ಹೆಜ್ಜೆ. ಬಂಡೀಪುರ, ನಾಗರಹೊಳೆ ಅಂಚಿನ ಹಳ್ಳಿಗಳಿಗೂ ಇದು ಬೇಕು. ಅಲ್ಲಿ ಹುಲಿ, ಚಿರತೆ, ಸೀಳುನಾಯಿ ಎಲ್ಲವೂ ಇವೆ.

ಮನೆಯಲ್ಲಿ ಮರಿ ಇದ್ದರೆ ಆರೆಂಟು ವಾರಕ್ಕೆ ಮೊದಲ ಚುಚ್ಚುಮದ್ದು ಹಾಕಿಸಿ. ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಗೆ ಅಡ್ಡ ಬರುವುದರಿಂದ ಒಂದೇ ಡೋಸ್ ಸಾಲದು. ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಮರಿಗೆ ಹದಿನಾರು ವಾರ ತುಂಬುವವರೆಗೆ ಮತ್ತೆ ಹಾಕಿಸಬೇಕು. ಬೇಕರಿ ಎದುರಿನ ಮರಿಗೆ ಒಂದೂ ಬಿದ್ದಿರಲಿಲ್ಲ.