ಕಿವಿಗೆ ಖರ್ಚು ಮಾಡಿ, ಟಿವಿಗಲ್ಲ

ಮಲ್ಪೆ ಬಂದರು, ಜುಲೈ ಕೊನೆ. ಎರಡು ತಿಂಗಳ ಮಳೆಗಾಲದ ರಜೆ ಮುಗಿಯಲು ನಾಲ್ಕೇ ದಿನ ಬಾಕಿ. ಎಲ್ಲ ಬೋಟುಗಳಿಗೂ ಹೊಸ ಬಣ್ಣದ ವಾಸನೆ. ಪರಿಚಯದ ತಾಂಡೇಲರೊಬ್ಬರು, ಅಂದರೆ ಬೋಟು ನಡೆಸುವವರು, ಹೊಸ ಫಿಶ್ ಫೈಂಡರ್ ಹಾಕಿಸಿದ್ದರು. ಸದ್ದು ಬಿಟ್ಟು ನೀರಿನಡಿಯ ಮೀನು ಹುಡುಕುವ ಮಷೀನು ಅದು. ನೋಡಲು ಕರೆದಿದ್ದರು. ಹನ್ನೆರಡು ಇಂಚಿನ ಸ್ಕ್ರೀನ್, ಅದರ ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ಕಿತ್ತಿರಲಿಲ್ಲ. ಆನ್ ಮಾಡಿದರು. ನೀಲಿ ನೀರು, ಅಡಿಯಲ್ಲಿ ಕೆಂಪು ನೆಲ, ನಡುವೆ ಸಾಲು ಸಾಲಾಗಿ ಮೀನಿನ ಚಿತ್ರ.

“ಅಬ್ಬಾ, ಬಂದರಿನೊಳಗೇ ಇಷ್ಟು ಮೀನಾ?” ಎಂದೆ.

“ಅದು ಅಂಗಡಿ ಮೀನು ಮಾರಾಯ್ರೆ, ಹಿಡಿಲಿಕ್ಕೆ ಆಗುವುದಿಲ್ಲ” ಎಂದು ನಕ್ಕರು.

ಅದು ಡೆಮೊ. ಗಿರಾಕಿಗೆ ತೋರಿಸಲೆಂದು ಮಷೀನಿನೊಳಗೆ ಮೊದಲೇ ತುಂಬಿಟ್ಟ ಚಿತ್ರ. ನನಗೂ ನಗು ಬಂತು, ಹಿಂದೆಯೇ ಸ್ವಲ್ಪ ಸಿಟ್ಟೂ ಬಂತು. ಇದನ್ನು ಕೊಳ್ಳುವವರು ತುಂಬಾ ಜನ ನೀರಿನೊಳಗಿನ ಕ್ಯಾಮೆರಾ ಅಂದುಕೊಂಡೇ ದುಡ್ಡು ಎಣಿಸುತ್ತಾರೆ. ಸ್ಕ್ರೀನ್ ಎಷ್ಟು ಇಂಚು, ಬಣ್ಣ ಎಷ್ಟು, ವಾಟ್ ಎಷ್ಟು ಎಂದು ಕೇಳುತ್ತಾರೆ. ಬೋಟಿನ ಅಡಿಯಲ್ಲಿ ಕೂರುವ ಮುಷ್ಟಿ ಗಾತ್ರದ ಟ್ರಾನ್ಸ್‌ಡ್ಯೂಸರ್ ಬಗ್ಗೆ ಯಾರೂ ಕೇಳುವುದಿಲ್ಲ. ಕೆಲಸವೆಲ್ಲ ಅದರದ್ದೇ. ಅದು ಕೂಗುತ್ತದೆ, ಆಮೇಲೆ ಸುಮ್ನೆ ಕೂತು ಕೇಳಿಸಿಕೊಳ್ಳುತ್ತದೆ. ಮೇಲಿನ ಸ್ಕ್ರೀನ್ ಆ ಕಿವಿ ಹೇಳಿದ್ದನ್ನು ಬರೆದುಕೊಳ್ಳುವ ಗುಮಾಸ್ತ, ಅಷ್ಟೇ.

ನೀರಿನಲ್ಲಿ ಸದ್ದು ಎಷ್ಟು ಜೋರಾಗಿ ಓಡುತ್ತದೆ ಎಂದು ಅಳೆದ ಕತೆ ಚೆನ್ನಾಗಿದೆ. 1826ರಲ್ಲಿ ಜಿನೀವಾ ಸರೋವರದ ಮೇಲೆ ಕೊಲಾಡೋನ್ ಮತ್ತು ಸ್ಟುರ್ಮ್ ಎಂಬ ಇಬ್ಬರು ಎರಡು ದೋಣಿಗಳಲ್ಲಿ ಕೂತರು. ನಡುವೆ 13 ಕಿ.ಮೀ.ಗೂ ಜಾಸ್ತಿ ದೂರ. ಒಂದು ದೋಣಿಯಿಂದ ನೀರಿನೊಳಗೆ ಗಂಟೆ ಬಾರಿಸಿದರು, ಅದೇ ಕ್ಷಣಕ್ಕೆ ಮೇಲೆ ಮದ್ದಿನ ಪುಡಿಗೆ ಬೆಂಕಿ. ಇನ್ನೊಂದು ದೋಣಿಯವನು ಬೆಳಕು ಕಂಡ ಕೂಡಲೇ ಗಡಿಯಾರ ಒತ್ತಿ, ನೀರಿಗೆ ಇಳಿಬಿಟ್ಟ ತುತ್ತೂರಿಗೆ ಕಿವಿ ಕೊಟ್ಟು ಕೂತ. ಸಿಕ್ಕ ಉತ್ತರ ಸೆಕೆಂಡಿಗೆ 1,435 ಮೀಟರ್. ಗಾಳಿಯಲ್ಲಿ ಓಡುವುದರ ನಾಲ್ಕು ಪಟ್ಟು. ನಮ್ಮ ಅರಬ್ಬಿ ಸಮುದ್ರ ಬೆಚ್ಚಗಿದೆ, ಉಪ್ಪೂ ಇದೆ, ಹಾಗಾಗಿ ಇಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಲೆಕ್ಕಕ್ಕೆ 1,500 ಅಂತ ಇಟ್ಟುಕೊಳ್ಳಿ. 30 ಮೀಟರ್ ಆಳಕ್ಕೆ ಹೋಗಿ ವಾಪಸ್ ಬರಲು ಸದ್ದಿಗೆ 0.04 ಸೆಕೆಂಡ್ ಸಾಕು. ಮಷೀನು ಅಳೆಯುವುದು ಈ ಸಮಯವನ್ನು. ನಮ್ಮವರು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಸಿ ಮಾರು ಎಣಿಸುತ್ತಿದ್ದರಲ್ವಾ, ಅದೇ ಕೆಲಸ. ಹಗ್ಗದ ಬದಲು ಸದ್ದು.

ಈಗ ನನಗೆ ಬಲು ಇಷ್ಟವಾದ ಭಾಗಕ್ಕೆ ಬಂದೆ. ಸದ್ದು ಮೀನಿಗೆ ಬಡಿದು ವಾಪಸ್ ಬರುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಅದು ಅರ್ಧ ಸತ್ಯ. ಮೀನಿನ ಮಾಂಸ ಬಹುಪಾಲು ನೀರೇ. ಸದ್ದಿಗೆ ಅದು ಸಿಕ್ಕಿದ್ದೂ ಗೊತ್ತಾಗುವುದಿಲ್ಲ, ದಾಟಿ ಹೋಗುತ್ತದೆ. ಲೋಟದ ನೀರಿನಲ್ಲಿ ಗಾಜಿನ ಚೂರು ಹಾಕಿದರೆ ಕಾಣುವುದೇ ಕಷ್ಟ, ಪಕ್ಕದ ಗುಳ್ಳೆ ಮಾತ್ರ ಮುತ್ತಿನ ಹಾಗೆ ಹೊಳೆಯುತ್ತದೆ. ಹಾಗೆಯೇ ಸದ್ದಿಗೆ ತಡೆಯಾಗುವುದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ. ಕೊಡ್ಡಾಯಿ ಮೀನು ಹೆಚ್ಚುವಾಗ ಬೆನ್ನೆಲುಬಿನ ಕೆಳಗೆ ಬಿಳಿ ಬಲೂನು ಸಿಗುತ್ತದಲ್ಲ, ಮಕ್ಕಳು ಕಾಲಲ್ಲಿ ಒತ್ತಿ ಟಪ್ ಅನಿಸುತ್ತಾರಲ್ಲ, ಅದು. ಕಡಲ ಮೀನಿನಲ್ಲಿ ದೇಹದ ನೂರರಲ್ಲಿ ಐದು ಪಾಲಿನಷ್ಟು ಜಾಗ ಹಿಡಿಯುತ್ತದೆ. ಆದರೆ ವಾಪಸ್ ಬರುವ ಸದ್ದಿನಲ್ಲಿ 90 ಪಾಲಿಗೂ ಜಾಸ್ತಿ ಅದರದ್ದೇ. ತುಂಬಿದ ಕೊಡ ತಟ್ಟಿ ನೋಡಿ, ಖಾಲಿ ಕೊಡ ತಟ್ಟಿ ನೋಡಿ. ಯಾವುದು ಮಾತಾಡುತ್ತದೆ?

ಅಂದರೆ ಫಿಶ್ ಫೈಂಡರ್ ಹುಡುಕುವುದು ಮೀನನ್ನಲ್ಲ, ಮೀನು ಹೊತ್ತುಕೊಂಡ ಗಾಳಿಯನ್ನು. ಗಾಳಿಚೀಲವೇ ಇಲ್ಲದ ಶಾರ್ಕ್, ತೊರಕೆ, ಬೊಂಡಾಸ್ (ಸ್ಕ್ವಿಡ್) ಇದಕ್ಕೆ ಮಸುಕು ಮಸುಕು. ನೆಲಕ್ಕೆ ಅಂಟಿಕೊಂಡ ಚಪ್ಪಟೆ ಮೀನು ನಂಗ್ ಅಂತೂ ಇಲ್ಲ ಅಂತಲೇ ಲೆಕ್ಕ. ಜಪಾನಿನ ಫುರುನೊ ಸೋದರರು 1948ರಲ್ಲಿ ಮೊದಲ ಫಿಶ್ ಫೈಂಡರ್ ಮಾಡಿದಾಗ ದಾರಿ ತೋರಿಸಿದ್ದು ಒಬ್ಬ ಹಳೆಯ ಮೀನುಗಾರನ ಮಾತಂತೆ: ಗುಳ್ಳೆ ಇದ್ದಲ್ಲಿ ಮೀನಿದೆ. ಗುಳ್ಳೆ ನೀರಿನಲ್ಲಷ್ಟೇ ಅಲ್ಲ, ಮೀನಿನೊಳಗೂ ಇತ್ತು.

ಇದೇ ಗಾಳಿ ದೊಡ್ಡ ದೊಡ್ಡವರನ್ನೂ ಬೇಸ್ತು ಬೀಳಿಸಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಕ್ಯಾಲಿಫೋರ್ನಿಯಾ ಕಡಲಲ್ಲಿ ಅಮೆರಿಕದ ವಿಜ್ಞಾನಿಗಳಿಗೆ ಒಂದು ವಿಚಿತ್ರ ‘ನೆಲ’ ಸಿಕ್ಕಿತು. ಹಗಲು ನೂರಾರು ಮೀಟರ್ ಆಳದಲ್ಲಿ ಇರುತ್ತಿತ್ತು, ಸಂಜೆಯಾದರೆ ಮೇಲೇಳುತ್ತಿತ್ತು, ಬೆಳಗ್ಗೆ ಮತ್ತೆ ಇಳಿಯುತ್ತಿತ್ತು. ನೆಲ ಎಲ್ಲಾದರೂ ಹೀಗೆ ಎದ್ದು ಕೂರುತ್ತದಾ? ಅದು ಮೇಯಲು ಮೇಲೆ ಬರುವ ಸಣ್ಣ ಮೀನು, ಜೀವಿಗಳ ದಟ್ಟ ಹಾಸು.

ಇನ್ನು ಸ್ಕ್ರೀನಿನ ಮೇಲೆ ಬೀಳುವ ಕಮಾನು. ದೊಡ್ಡ ಕಮಾನು ಅಂದರೆ ದೊಡ್ಡ ಮೀನು ಎಂಬ ನಂಬಿಕೆಗೆ ಬೆಕ್ಕು ಅಡ್ಡ ಬಂದರೆ ಅಪಶಕುನ ಎನ್ನುವಷ್ಟೇ ಬೆಲೆ. ಸದ್ದು ಟಾರ್ಚಿನ ಬೆಳಕಿನ ಹಾಗೆ ಹರಡಿಕೊಂಡು ಇಳಿಯುತ್ತದೆ. ಬೋಟು ಮುಂದೆ ಹೋಗುವಾಗ ಮೀನು ಮೊದಲು ಆ ಹರವಿನ ಅಂಚಿಗೆ ಸಿಗುತ್ತದೆ. ಆಗ ದೂರ ಜಾಸ್ತಿ. ನೇರ ಕೆಳಗೆ ಬಂದಾಗ ಕಮ್ಮಿ. ದಾಟಿದ ಮೇಲೆ ಮತ್ತೆ ಜಾಸ್ತಿ. ಈ ಮೂರನ್ನು ಒಂದರ ಪಕ್ಕ ಒಂದು ಬರೆದರೆ ಕಮಾನು. ತೇರು ಮನೆ ಮುಂದೆ ಹಾದುಹೋಗುವಾಗ ಚೆಂಡೆ ಸದ್ದು ಏರಿ ಇಳಿಯುತ್ತದಲ್ಲ, ಹಾಗೆ. ಸದ್ದು ಎಷ್ಟು ಹೊತ್ತು ಕೇಳಿಸಿತು ಎಂಬುದರಿಂದ ತೇರಿನ ಎತ್ತರ ಹೇಳಲು ಬರುತ್ತದಾ? ಲೆಕ್ಕವನ್ನೇ ನೋಡಿ. 30 ಮೀಟರ್ ಆಳದಲ್ಲಿ ಒಂದು ಮೀನು. 12 ಡಿಗ್ರಿ ಹರವಿನ ಸದ್ದಿಗೆ ಅದರ ಕಮಾನಿನ ಎತ್ತರ ಹೆಚ್ಚೆಂದರೆ 17 ಸೆಂ.ಮೀ. 40 ಡಿಗ್ರಿಗೆ ಹೋದರೆ ಅದೇ ಮೀನಿಗೆ ಸುಮಾರು 2 ಮೀಟರ್. ಬೋಟು ನಿಧಾನ ಮಾಡಿದರೆ ಕಮಾನು ಉದ್ದವಾಗುತ್ತದೆ. ಬೋಟೂ ನಿಂತು ಮೀನೂ ನಿಂತರೆ ಕಮಾನೇ ಇಲ್ಲ, ಬರೀ ಗೆರೆ. ಇಸಿಜಿ ಕಾಗದ ಓದಿದ ಹಾಗೆ ಓದಬೇಕು ಇದನ್ನು: ಬಲ ಅಂಚು ಮಾತ್ರ ಈಗಿನದು, ಉಳಿದದ್ದೆಲ್ಲ ಆಗಿ ಹೋದದ್ದು. ಮೀನಿನ ಚಿತ್ರ ಬರುವ ಸೌಲಭ್ಯವನ್ನು ಮೊದಲ ದಿನವೇ ಆಫ್ ಮಾಡಿ. ಅದು ಊಹೆಗೆ ಬಾಲ, ರೆಕ್ಕೆ ಅಂಟಿಸುತ್ತದೆ.

ಹಾಗಾದರೆ ಏನು ಕೊಳ್ಳಬೇಕು? ಆಳ ನೋಡಿ. 10–20 ಮಾರಿನೊಳಗೆ ಬಲೆ ಬಿಡುವ ನಾಡದೋಣಿಗೆ 200 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ ಎರಡು ಲಕ್ಷ ಸಲ ಕಂಪಿಸುವ ಸದ್ದು, ಸಾಕೋ ಸಾಕು. ಅದರ ಅಲೆಯ ಉದ್ದ 7.5 ಮಿ.ಮೀ., ಹರವು ಕಿರಿದು, ಚಿತ್ರ ಚುರುಕು. ನೂರಾರು ಮೀಟರ್ ಆಳಕ್ಕೆ ಹೋಗುವ ಟ್ರಾಲ್ ಬೋಟಿಗೆ 50 ಬೇಕು. ಅದು ಆಳಕ್ಕೆ ಇಳಿಯುತ್ತದೆ, ಆದರೆ ಮಂದ. ವಾಟ್ ಜಾಸ್ತಿ ಆದರೆ ಮೀನು ಜಾಸ್ತಿ ಎನ್ನುವವರಿಗೆ ಒಂದೇ ಲೆಕ್ಕ: ಸದ್ದು ಹೋಗುವಾಗಲೂ ಚದುರುತ್ತದೆ, ಬರುವಾಗಲೂ ಚದುರುತ್ತದೆ. ಒಂದೇ ಮೀನನ್ನು ಎರಡು ಪಟ್ಟು ಆಳದಲ್ಲಿ ಅಷ್ಟೇ ಚೆನ್ನಾಗಿ ಕೇಳಬೇಕಾದರೆ ಹದಿನಾರು ಪಟ್ಟು ವಾಟ್ ಬೇಕು. ಚರ್ಪ್ ಎಂಬ ಮಾದರಿ ಬೇರೆ. ಅದು ಒಂದೇ ಸ್ವರ ಹಿಡಿಯದೆ, ಕೆಳಗಿನಿಂದ ಮೇಲಕ್ಕೆ ಜಾರುತ್ತಾ ಕೂಗುತ್ತದೆ. ಹತ್ತಿರ ಹತ್ತಿರ ಇರುವ ಎರಡು ಮೀನು ಅದಕ್ಕೆ ಎರಡಾಗಿಯೇ ಕೇಳುತ್ತವೆ. ಅದಕ್ಕೆ ಕೊಡುವ ದುಡ್ಡು ದಂಡವಲ್ಲ.

ಎಲ್ಲಕ್ಕಿಂತ ಮುಖ್ಯ, ಕಿವಿ ಎಲ್ಲಿ ಕೂರುತ್ತದೆ ಎಂಬುದು. ಗಾಳಿಯೇ ಸದ್ದನ್ನು ತಡೆಯುವುದು ಎಂದ ಮೇಲೆ ಬೋಟಿನ ಸ್ವಂತ ಗುಳ್ಳೆಗಳೂ ತಡೆಯುತ್ತವೆ. ನನಗೆ ಗೊತ್ತಿರುವ ಒಬ್ಬರು ದುಬಾರಿ ಸೆಟ್ ತಂದರು. ಹಾಕಿಕೊಟ್ಟವನು ಟ್ರಾನ್ಸ್‌ಡ್ಯೂಸರನ್ನು ಪ್ರೊಪೆಲ್ಲರ್ ಪಕ್ಕದಲ್ಲೇ ಕೂರಿಸಿ ಹೋದ. ವೈರ್ ಉಳಿಯಿತಂತೆ! ಬೋಟು ಓಡಿದರೆ ಸ್ಕ್ರೀನ್ ತುಂಬಾ ಹಿಟ್ಟು ಚೆಲ್ಲಿದ ಹಾಗೆ. ಅವರು ಒಂದಿಡೀ ಸೀಸನ್ ಅದನ್ನೇ ಬೂತಾಯಿ ಹಿಂಡು ಅಂದುಕೊಂಡರು.

ಇದೇ ಸ್ಕ್ರೀನಿನಲ್ಲಿ ಬರುವ ಜಿಪಿಎಸ್ ಬಗ್ಗೆ ಅಷ್ಟು ಹೇಳುವುದಿಲ್ಲ, ಮೊಬೈಲ್ ಹಿಡಿದ ಎಲ್ಲರಿಗೂ ಅದು ಗೊತ್ತು. ಮೊದಲು ಇಲ್ಲಿಯವರು 1901ರ ಕಾಪು ದೀಪಸ್ತಂಭ ನೋಡಿ, ಹಿಂದೆ ಕುದುರೆಮುಖದ ತುದಿ ನೋಡಿ ಜಾಗ ಗುರುತು ಹಿಡಿಯುತ್ತಿದ್ದರು. ಈಗ ಬೆಟ್ಟದ ಜಾಗದಲ್ಲಿ ಉಪಗ್ರಹ. ಅಮೆರಿಕ ಬೇಕೆಂದೇ ಸಿಗ್ನಲ್‌ನಲ್ಲಿ ಬೆರೆಸುತ್ತಿದ್ದ ತಪ್ಪನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆ, ನೂರು ಮೀಟರಿನ ಗೊಂದಲ ಹತ್ತು ಮೀಟರಿಗೆ ಇಳಿಯಿತು. ಆದರೆ ಬರೆದುಕೊಳ್ಳುವವರ ತಪ್ಪನ್ನು ಯಾವ ಉಪಗ್ರಹವೂ ತಿದ್ದುವುದಿಲ್ಲ. ಅಕ್ಷಾಂಶ 13 ಡಿಗ್ರಿ 20.50 ನಿಮಿಷ ಬೇರೆ, 13 ಡಿಗ್ರಿ 20 ನಿಮಿಷ 50 ಸೆಕೆಂಡ್ ಬೇರೆ. ವೈರ್‌ಲೆಸ್‌ನಲ್ಲಿ ಎರಡೂ ‘ಹದಿಮೂರು ಇಪ್ಪತ್ತು ಐವತ್ತು’ ಎಂದೇ ಕೇಳುತ್ತದೆ. ಎರಡರ ನಡುವೆ 600 ಮೀಟರಿಗೂ ಜಾಸ್ತಿ ಅಂತರ. ಅಷ್ಟರಲ್ಲಿ ಬಲೆ ಕಲ್ಲಿಗೆ ಸಿಕ್ಕಿ ಹರಿದಿರುತ್ತದೆ.

ಉಪಗ್ರಹವೇ ಮೀನು ತೋರಿಸುತ್ತದೆ ಎಂದು ನಂಬಿದವರೂ ಇದ್ದಾರೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನು ಸಿಗಬಹುದಾದ ಜಾಗಗಳ ಸೂಚನೆ ಕೊಡುವುದು ನಿಜ. ಅಲ್ಲಿ ಉಪಗ್ರಹ ನೋಡುವುದು ಕಡಲ ಮೇಲ್ಮೈಯ ಬಿಸಿ ಮತ್ತು ಹಸಿರು. ಹುಲ್ಲುಗಾವಲು ಎಲ್ಲಿದೆ ಎಂದು ಅದು ಹೇಳುತ್ತದೆ. ಹಸು ಬಂದಿದೆಯಾ ಎಂದು ಹೋಗಿಯೇ ನೋಡಬೇಕು.

ಇನ್ನೊಂದು ಮಾತು ಹೇಳದೆ ಇರಲಾಗದು. ಜಿಪಿಎಸ್ ನೀವು ಎಲ್ಲಿದ್ದೀರಿ ಎಂದು ನಿಮಗೆ ಹೇಳುತ್ತದೆ, ದಡದವರಿಗಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ‘ಸುವರ್ಣ ತ್ರಿಭುಜ’ ಏಳು ಮಂದಿಯೊಂದಿಗೆ ಕಾಣೆಯಾಯಿತು. ಅವಶೇಷ ನೌಕಾಪಡೆಗೆ ಸಿಕ್ಕಿದ್ದು ಮುಂದಿನ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಕಡಲ ತಳದಲ್ಲಿ. ಹುಡುಕಿ ಕೊಟ್ಟದ್ದು ಇದೇ ಸದ್ದಿನ ವಿದ್ಯೆ. ಸ್ಕ್ರೀನಿನಲ್ಲಿ ನಾಲ್ಕು ಇಂಚು ಕಮ್ಮಿ ಮಾಡಿ, ಆ ದುಡ್ಡಿಗೆ ಬೋಟಿನ ಜಾಗವನ್ನು ಬೇರೆಯವರಿಗೆ ಕೂಗಿ ಹೇಳುವ ಎಐಎಸ್ ಅಥವಾ ಅಪಾಯದ ಕರೆ ಕಳಿಸುವ ಉಪಕರಣ ಹಾಕಿಸಿಕೊಳ್ಳಿ.

ಹೊರಡುವ ಮೊದಲು ತಾಂಡೇಲರು ಡೆಮೊ ಆಫ್ ಮಾಡಿ, ಹಳೆಯ ಜಿಪಿಎಸ್‌ನಿಂದ ತಂದ ಗುರುತುಗಳನ್ನು ತೋರಿಸಿದರು. ಇಪ್ಪತ್ತು ವರ್ಷದ ಗಳಿಕೆ. ಕಲ್ಲು ಇರುವಲ್ಲೆಲ್ಲ ಹರಿದ ಬಲೆಯ ನೆನಪಿಗೆ ಒಂದೊಂದು ಹೆಸರು. ಚೆನ್ನಾಗಿದೆ ಎಂದು ಫೋಟೊ ತೆಗೆಯಲು ಮೊಬೈಲ್ ಎತ್ತಿದೆ. ಅವರು ಮಾತಾಡದೆ ಸ್ಕ್ರೀನಿಗೆ ಅಂಗೈ ಅಡ್ಡ ಹಿಡಿದರು.