ಎವಾಪೊರೇಟರ್: ಬಿಸಿ ಗಾಳಿಯಲ್ಲಿ ಹಣ್ಣು ಒಣಗಿಸಿದ ಯಂತ್ರ

ನೂರು ನೂರಿಪ್ಪತ್ತು ವರ್ಷಗಳ ಹಿಂದೆ ಅಮೆರಿಕದ ದಿನಸಿ ಅಂಗಡಿಯಲ್ಲಿ ಒಣಗಿದ ಸೇಬು ಎರಡು ಹೆಸರಿನಲ್ಲಿ ಸಿಗುತ್ತಿತ್ತು. ಒಂದು ‘ಡ್ರೈಡ್ ಆ್ಯಪಲ್ಸ್’, ಇನ್ನೊಂದು ‘ಎವಾಪೊರೇಟೆಡ್ ಆ್ಯಪಲ್ಸ್’. ಮೊದಲನೆಯದು ಕಂದು ಬಣ್ಣದ ಹೋಳು. ರೈತರ ಮನೆಯವರು ಬಿಸಿಲಿಗೆ ಹರವಿಯೋ, ದಾರಕ್ಕೆ ಪೋಣಿಸಿ ಒಲೆಯ ಮೇಲೆ ತೂಗುಹಾಕಿಯೋ ಒಣಗಿಸಿದ್ದು. ಎರಡನೆಯದು ಬಿಳಿಯ ಬಳೆಯಂಥ ಬಿಲ್ಲೆ, ಮರದ ಪೆಟ್ಟಿಗೆಯಲ್ಲಿ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದು. ಇದಕ್ಕೆ ಬೆಲೆ ಜಾಸ್ತಿ. ಈ ಬಿಳಿ ಬಿಲ್ಲೆಯನ್ನು ತಯಾರಿಸುತ್ತಿದ್ದ ಯಂತ್ರವೇ ಎವಾಪೊರೇಟರ್. ಯಂತ್ರ ಇಟ್ಟಿದ್ದ ಕಟ್ಟಡಕ್ಕೂ ಅದೇ ಹೆಸರು.

ಇಂಗ್ಲಿಷಿನ ‘ಎವಾಪೊರೇಟ್’ ಅಂದರೆ ಆವಿಯಾಗು ಅಥವಾ ಆವಿ ಮಾಡು. ಆವಿಯಾಗುವುದು ಸೇಬಲ್ಲ, ಸೇಬಿನೊಳಗಿನ ನೀರು. ಇದೇ ಪದ ನಮಗೆ ಬೇರೆ ಕಡೆಯೂ ಸಿಗುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲನ್ನು ಗಟ್ಟಿಮಾಡುವ ದೊಡ್ಡ ಪಾತ್ರೆಗಳು ಎವಾಪೊರೇಟರ್. ಫ್ರಿಜ್ ರಿಪೇರಿಯವರು ‘ಎವಾಪೊರೇಟರ್ ಕಾಯಿಲ್ ಹೋಗಿದೆ’ ಅನ್ನುವುದನ್ನೂ ಕೇಳಿರುತ್ತೀರಿ. ಸಕ್ಕರೆ ಕಾರ್ಖಾನೆಯಲ್ಲಿ ರಸ ಕುದಿಯುತ್ತದೆ. ಫ್ರಿಜ್‌ನಲ್ಲಿ ತಂಪು ಮಾಡುವ ದ್ರವ ಆವಿಯಾಗುತ್ತದೆ. ಹಣ್ಣಿನ ಎವಾಪೊರೇಟರ್‌ನಲ್ಲಿ ಏನೂ ಕುದಿಯುವುದಿಲ್ಲ. ಅಲ್ಲಿ ಬಿಸಿ ಗಾಳಿ ಹಣ್ಣಿನ ಮೇಲೆ ಹಾದುಹೋಗುತ್ತದೆ, ನೀರನ್ನು ಹೊತ್ತುಕೊಂಡು ಹೊರಗೆ ಹೋಗುತ್ತದೆ, ಅಷ್ಟೇ.

ಈ ‘ಅಷ್ಟೇ’ ಅನ್ನುವುದನ್ನು ಸರಿಯಾಗಿ ಅರ್ಥಮಾಡಿಕೊಳ್ಳಲು ಯಂತ್ರ ಕಟ್ಟಿದವರಿಗೆ ಸುಮಾರು ಐವತ್ತು ವರ್ಷ ಬೇಕಾಯಿತು. ಒಣಗಿಸುವುದು ಬೆಂಕಿ ಎಂದು ಮೊದಲು ಅಂದುಕೊಂಡಿದ್ದರು. ಒಣಗಿಸುವುದು ಗಾಳಿ. ಬೆಂಕಿ ಆ ಗಾಳಿಯನ್ನು ಸಿದ್ಧಮಾಡಿ ಕೊಡುತ್ತದೆ. ನನ್ನ ಮಟ್ಟಿಗೆ ಈ ಪದದ ಇಡೀ ಚರಿತ್ರೆ ಇರುವುದು ಈ ಒಂದು ತಿಳಿವಳಿಕೆಯಲ್ಲಿ.

ಮಳೆಗಾಲದಲ್ಲಿ ಬಟ್ಟೆ ಒಣಗಿಸಿದವರಿಗೆ ಇದು ಗೊತ್ತಿರುವ ವಿಷಯವೇ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಎಷ್ಟೇ ಸೆಕೆ ಇದ್ದರೂ ಬಟ್ಟೆ ಹಸಿಯಾಗೇ ಇರುತ್ತದೆ. ಹೊರಗೆ ಮೋಡ ಕವಿದಿದ್ದರೂ ಗಾಳಿ ಬೀಸಿದರೆ ಬೇಗ ಒಣಗುತ್ತದೆ, ಅಲ್ವಾ? ಗಾಳಿಗೆ ನೀರು ಹಿಡಿದಿಟ್ಟುಕೊಳ್ಳುವ ಒಂದು ಮಿತಿ ಇದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿ ಹಿಡಿಯಬಲ್ಲದು. ಅದೇ 60 ಡಿಗ್ರಿಯಲ್ಲಿ ಸುಮಾರು 130 ಗ್ರಾಂ. ಹಾಗಾಗಿ ಮಳೆಗಾಲದ ತೇವದ ಗಾಳಿಯನ್ನೂ ಬಿಸಿಮಾಡಿದರೆ ಅದು ಬಾಯಾರಿದ ಗಾಳಿಯಾಗುತ್ತದೆ. 27 ಡಿಗ್ರಿಯಲ್ಲಿ ಶೇಕಡಾ 85ರಷ್ಟು ತೇವ ತುಂಬಿದ ಗಾಳಿಯನ್ನು 60 ಡಿಗ್ರಿಗೆ ತಂದರೆ ಆ ತೇವ ಶೇಕಡಾ 15ರ ಹತ್ತಿರಕ್ಕೆ ಇಳಿಯುತ್ತದೆ. ನೀರಿನ ಒಂದು ಹನಿಯನ್ನೂ ತೆಗೆಯಲಿಲ್ಲ. ಗಾಳಿಯ ಸಾಮರ್ಥ್ಯ ಹೆಚ್ಚಿತು. ಆದರೆ ಆ ಗಾಳಿ ಹೊಟ್ಟೆ ತುಂಬಾ ನೀರು ಕುಡಿದ ಮೇಲೂ ಒಳಗೇ ನಿಂತರೆ ಒಣಗುವುದು ನಿಲ್ಲುತ್ತದೆ. ಅದನ್ನು ಹೊರಗೆ ಕಳಿಸಬೇಕು, ಹೊಸದು ಒಳಗೆ ಬರಬೇಕು.

ಬಿಸಿ ಗಾಳಿಯಲ್ಲಿ ಆಹಾರ ಒಣಗಿಸುವ ಕೆಲಸ ಅಮೆರಿಕದಲ್ಲೇ ಶುರುವಾದದ್ದಲ್ಲ. ಫ್ರಾನ್ಸಿನಲ್ಲಿ ಮ್ಯಾಸೋನ್ ಎಂಬ ತೋಟಗಾರ 1850ರ ಸುಮಾರಿಗೆ ತರಕಾರಿಯನ್ನು ಬಿಸಿ ಗಾಳಿಯಲ್ಲಿ ಒಣಗಿಸಿ, ಯಂತ್ರದಲ್ಲಿ ಒತ್ತಿ, ಇಟ್ಟಿಗೆಯಂತೆ ಮಾಡುತ್ತಿದ್ದರು. ಕ್ರಿಮಿಯಾ ಯುದ್ಧದ ಸೈನಿಕರು ಅದನ್ನು ತಿಂದರು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲೂ ಅಂಥ ತರಕಾರಿ ಗಟ್ಟಿಗಳನ್ನು ಕೊಟ್ಟರು. ಸೈನಿಕರಿಗೆ ಅವು ಒಂದಿಷ್ಟೂ ಹಿಡಿಸಲಿಲ್ಲ.

ಹಣ್ಣಿಗೆ ಈ ವಿಧಾನವನ್ನು ದೊಡ್ಡ ಉದ್ಯಮವಾಗಿ ತಂದ ಹೆಸರು ಚಾರ್ಲ್ಸ್ ಆಲ್ಡನ್. 1870ರ ದಶಕದಲ್ಲಿ ಅವರ ಯಂತ್ರ ಅಮೆರಿಕದ ಉದ್ದಗಲಕ್ಕೂ ಹರಡಿತು. ಅದು ಎತ್ತರವಾದ ಗೋಪುರ. ಕೆಳಗೆ ಕುಲುಮೆ ಅಥವಾ ಹಬೆಯ ಕೊಳವೆಗಳು. ಒಳಗೆ ಕೊನೆಯಿಲ್ಲದ ಸರಪಳಿ, ಬಾವಿಯ ರಾಟೆಯ ಹಗ್ಗದ ಹಾಗೆ. ಸರಪಳಿಗೆ ತಟ್ಟೆಗಳು. ಹಸಿ ಹಣ್ಣು ಹರವಿದ ತಟ್ಟೆಯನ್ನು ಕೆಳಗಿನ ಬಾಗಿಲಿನಿಂದ ಒಳಗಿಡುತ್ತಾರೆ. ಕೆಲವು ನಿಮಿಷ ಬಿಟ್ಟು ಸರಪಳಿಯನ್ನು ಒಂದು ಮೆಟ್ಟಿಲು ಮೇಲಕ್ಕೆ ಎಳೆದು ಇನ್ನೊಂದು ತಟ್ಟೆ ಇಡುತ್ತಾರೆ. ಹೀಗೆ ತಟ್ಟೆಗಳು ಗಂಟೆಗಟ್ಟಲೆ ನಿಧಾನವಾಗಿ ಏರುತ್ತಾ ಮೇಲಿನ ಬಾಗಿಲಿಗೆ ಬರುವಾಗ ಹಣ್ಣು ಒಣಗಿರಬೇಕು. ಬಿಸಿ ಗಾಳಿ ಹಗುರ, ತಾನಾಗಿಯೇ ಮೇಲೆ ಹೋಗುತ್ತದೆ. ಗೋಪುರವೇ ಹೊಗೆಗೂಡಿನ ಹಾಗೆ ಎಳೆಯುತ್ತದೆ.

ಇಲ್ಲಿ ಒಂದು ಜಾಣತನವಿದೆ, ಅದನ್ನು ಗಮನಿಸಬೇಕು. ತೀರಾ ಹಸಿಯಾದ ಹಣ್ಣು ತೀರಾ ಬಿಸಿಯಾದ ಗಾಳಿಯನ್ನು ಮೊದಲು ಎದುರಿಸುತ್ತದೆ. ಸುಡುವುದಿಲ್ಲವೇ? ಸುಡುವುದಿಲ್ಲ. ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವುದು ಇದೇ ಕಾರಣಕ್ಕೆ. ಹಸಿ ಹೋಳು ಬೆವರುತ್ತಾ ತನ್ನನ್ನು ತಾನೇ ತಂಪಾಗಿಟ್ಟುಕೊಳ್ಳುತ್ತದೆ. ಮೇಲೆ ಹೋದಂತೆ ಹಣ್ಣಿನ ನೀರು ಕಡಿಮೆ, ಗಾಳಿಯ ಬಿಸಿಯೂ ಕಡಿಮೆ. ಅಪಾಯವಿಲ್ಲ.

ತೊಂದರೆ ಇದ್ದದ್ದು ಕೊನೆಯ ಹಂತದಲ್ಲಿ. ಗೋಪುರದ ತುದಿಗೆ ಬರುವ ಗಾಳಿ ಕೆಳಗಿನ ಎಲ್ಲಾ ತಟ್ಟೆಗಳ ನೀರು ಕುಡಿದು ತೇವವಾಗಿರುತ್ತದೆ, ಆರಿಯೂ ಇರುತ್ತದೆ. ಹಣ್ಣಿನ ಕೊನೆಯ ಪಾಲಿನ ನೀರನ್ನು ತೆಗೆಯುವುದು ಎಲ್ಲಕ್ಕಿಂತ ಕಷ್ಟ. ಆ ಕಷ್ಟದ ಕೆಲಸಕ್ಕೆ ಸಿಗುವುದು ಸುಸ್ತಾದ ಗಾಳಿ. ಬೆಂಕಿ ಹೆಚ್ಚಿಸಿದರೆ ಕೆಳಗಿನ ತಟ್ಟೆ ಸೀಯುತ್ತದೆ. ಮೇಲಾಗಿ ಒಂದು ಗೋಪುರದಲ್ಲಿ ಹಿಡಿಸುವ ಹಣ್ಣೂ ಸ್ವಲ್ಪವೇ. ಬೇರೆಯವರು ಗಾಳಿಯ ದಾರಿಯನ್ನು ಓರೆಯಾಗಿ ಮಲಗಿಸಿ ನೋಡಿದರು. ಸಣ್ಣ ರೈತರಿಗೆಂದು ತಗಡಿನ ಬೀರುವಿನಂಥ ಯಂತ್ರಗಳೂ ಬಂದವು.

ನ್ಯೂಯಾರ್ಕ್ ರಾಜ್ಯದ ವೇಯ್ನ್ ಕೌಂಟಿ ಒಣ ಸೇಬಿನ ಸೀಮೆ. ಆಂಟೇರಿಯೊ ಸರೋವರದ ದಡ, ಹತ್ತಿರದ ದೊಡ್ಡ ಪೇಟೆ ರಾಚೆಸ್ಟರ್. ಅಲ್ಲಿ ಕೊನೆಗೆ ಗೆದ್ದದ್ದು ಆ ಗೋಪುರವಲ್ಲ. ಅದಕ್ಕಿಂತ ತುಂಬಾ ಸರಳವಾದ ‘ಕಿಲ್ನ್’. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ ನೋಡಿದ್ದೀರಾ? ಬೆಂಕಿ ಹೊರಗೆ, ಬಿಸಿ ಕೊಳವೆ ಒಳಗೆ, ಮೇಲೆ ಸಾಲಾಗಿ ಸೊಪ್ಪು. ಕಿಲ್ನ್ ಅದರ ನೆಂಟ. ಎರಡು ಅಂತಸ್ತಿನ ಕಟ್ಟಡ. ಕೆಳಗೆ ಕುಲುಮೆ. ಮೇಲೆ ಸಾಮಾನ್ಯವಾಗಿ 20 ಅಡಿ ಉದ್ದ, 20 ಅಡಿ ಅಗಲದ ಕೋಣೆ. ಅದರ ನೆಲ ಮರದ ಪಟ್ಟಿಗಳದ್ದು, ನಡುವೆ ಸಣ್ಣ ಸಂದು. ಸೇಬಿನ ಬಿಲ್ಲೆಗಳನ್ನು ತಟ್ಟೆಯಿಲ್ಲದೆ ನೇರವಾಗಿ ನೆಲದ ಮೇಲೇ ನಾಲ್ಕರಿಂದ ಆರು ಅಂಗುಲ ದಪ್ಪಕ್ಕೆ ಸುರಿಯುತ್ತಾರೆ. ಅಂಟದಿರಲಿ ಎಂದು ಪಟ್ಟಿಗಳಿಗೆ ಮೊದಲೇ ಪ್ರಾಣಿಗಳ ಕೊಬ್ಬು ಸವರಿರುತ್ತಾರೆ. ಗಾಳಿ ಸಂದಿನಿಂದ ಮೇಲೆ ಬಂದು, ಹಣ್ಣಿನ ರಾಶಿ ದಾಟಿ, ಮಾಡಿನ ಕಿಂಡಿಯಿಂದ ಹೊರಟುಹೋಗುತ್ತದೆ. ಆಳು ಆಗಾಗ ಒಳಗೆ ಹೋಗಿ ಮರದ ಸಲಿಕೆಯಲ್ಲಿ ರಾಶಿಯನ್ನು ಮಗುಚುತ್ತಾನೆ. ಅಂಗಳದಲ್ಲಿ ಅಡಿಕೆ ಕೈಯಾಡುವವರಿಗೆ ಈ ಕೆಲಸವನ್ನು ವಿವರಿಸಿ ಹೇಳಬೇಕಿಲ್ಲ.

ಬಿಲ್ಲೆ ಯಾಕೆ ಬಳೆಯ ಆಕಾರದಲ್ಲಿ? ಕಾಲು ಅಂಗುಲ ದಪ್ಪದ ಬಿಲ್ಲೆ ಎರಡೂ ಕಡೆಯಿಂದ ಸಮನಾಗಿ ಒಣಗುತ್ತದೆ. ನಡುವಿನ ತೂತಿನಿಂದ ರಾಶಿಯೊಳಗೂ ಗಾಳಿ ಆಡುತ್ತದೆ. ಆ ತೂತು ಕೈಯಿಂದ ಕೊರೆದದ್ದಲ್ಲ, ಸಿಪ್ಪೆ ತೆಗೆಯುವ ಯಂತ್ರ ಬೀಜದ ಗೂಡನ್ನೂ ಒಟ್ಟಿಗೇ ತೆಗೆದಾಗ ಆದದ್ದು. ಈ ಚಿಕ್ಕ ಯಂತ್ರಗಳಿಲ್ಲದೆ ಎವಾಪೊರೇಟರ್ ಬದುಕುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಕೈಯಲ್ಲಿ ಸಿಪ್ಪೆ ಸುಲಿದು ಅಷ್ಟು ದೊಡ್ಡ ನೆಲ ತುಂಬಿಸುವುದು ಯಾರಿಂದಾದೀತು? ಇಂಥ ಯಂತ್ರ ತಯಾರಿಸಿ ಹೆಸರಾದವರಲ್ಲಿ ನ್ಯೂ ಹ್ಯಾಂಪ್‌ಷೈರ್‌ನ ಡೇವಿಡ್ ಗುಡೆಲ್ ಒಬ್ಬರು. ಅವರು 1889ರಲ್ಲಿ ಆ ರಾಜ್ಯದ ಗವರ್ನರ್ ಕೂಡ ಆದರು. ಯಂತ್ರ ಬಿಟ್ಟ ಸಿಪ್ಪೆಯ ಚೂರು, ಕಲೆಗಳನ್ನು ಚಾಕುವಿನಿಂದ ತೆಗೆಯುವ ಕೆಲಸ ಹೆಚ್ಚಾಗಿ ಹೆಂಗಸರದ್ದು.

ಬಿಳಿ ಬಣ್ಣ ಬಂದದ್ದು ಗಂಧಕದಿಂದ. ಸೇಬು ಕತ್ತರಿಸಿಟ್ಟರೆ ಕಂದಾಗುತ್ತದೆ. ಒಣಗಿಸುವ ಮೊದಲು ಬಿಲ್ಲೆಗಳನ್ನು ಉದ್ದನೆಯ ಮರದ ಪೆಟ್ಟಿಗೆಯಲ್ಲಿ ಸಾಗಿಸಿ, ಉರಿಯುವ ಗಂಧಕದ ಹೊಗೆಯನ್ನು ಹಾಯಿಸುತ್ತಿದ್ದರು. ಆ ಹೊಗೆ ಕಂದು ಬಣ್ಣ ಬರುವುದನ್ನು ತಡೆಯುತ್ತದೆ. ಇಂದಿಗೂ ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಒಣ ಜರ್ದಾಳು ಹಣ್ಣಿನ ಹಿಂದೆ ಇರುವುದು ಇದೇ ಗಂಧಕ.

ಇಷ್ಟೆಲ್ಲಾ ಮಾಡಿದ ಮೇಲೆ 50 ಪೌಂಡು ಸೇಬಿನಿಂದ ಸಿಗುತ್ತಿದ್ದದ್ದು ಆರೇಳು ಪೌಂಡು ಬಿಳಿ ಬಿಲ್ಲೆ. ಉಳಿದದ್ದರಲ್ಲಿ ಬಹುಪಾಲು ನೀರು. ಸಿಪ್ಪೆ ಮತ್ತು ಬೀಜದ ಗೂಡನ್ನೂ ಒಣಗಿಸಿ ಜೆಲ್ಲಿ ಮಾಡುವವರಿಗೆ ಮಾರುತ್ತಿದ್ದರು. ಸಿಪ್ಪೆ ತೆಗೆಯಲೂ ಆಗದಷ್ಟು ಸಣ್ಣ ಸೇಬನ್ನು ಹಾಗೇ ಕೊಚ್ಚಿ ಒಣಗಿಸುತ್ತಿದ್ದರು. ಏನೂ ಹಾಳಾಗುತ್ತಿರಲಿಲ್ಲ.

ಮರದ ನೆಲಕ್ಕೆ ಇನ್ನೊಂದು ಮಹತ್ವವೂ ಇತ್ತು. ತಟ್ಟೆ ಬಳಸುವ ಎವಾಪೊರೇಟರ್‌ಗಳಲ್ಲಿ ಸತುವಿನ ಲೇಪದ ತಂತಿ ಬಲೆ ಇರುತ್ತಿತ್ತು. ಸೇಬಿನ ಹುಳಿ ಸತುವನ್ನು ಕರಗಿಸುತ್ತದೆ. ಹುಣಸೆಹಣ್ಣನ್ನು ತಗಡಿನ ಡಬ್ಬಿಯಲ್ಲಿ ಇಡಬೇಡಿ ಅನ್ನುವ ಅಜ್ಜಿಯಂದಿರಿಗೆ ಇದು ಚೆನ್ನಾಗಿ ಗೊತ್ತು. 1890ರ ದಶಕದಲ್ಲಿ ಜರ್ಮನಿಯವರು ಅಮೆರಿಕದ ಒಣ ಸೇಬಿನಲ್ಲಿ ಸತು ಇರುವುದನ್ನು ಕಂಡುಹಿಡಿದು ತಕರಾರು ಎತ್ತಿದರು. ಜರ್ಮನಿ ದೊಡ್ಡ ಗಿರಾಕಿ. ಮರದ ಪಟ್ಟಿಯ ಕಡೆಗೆ ಹೋಗಲು ಇದೂ ಒಂದು ಕಾರಣವಾಯಿತು.

ದೇಶದ ಇನ್ನೊಂದು ತುದಿಯಲ್ಲಿ, ಪಶ್ಚಿಮ ಕರಾವಳಿಯ ಆರೆಗನ್‌ನಲ್ಲಿ, ಬೆಳೆ ಬೇರೆ. ಅಲ್ಲಿ ಪ್ರೂನ್, ಅಂದರೆ ಇಡಿಯಾಗಿ ಒಣಗಿಸಬಹುದಾದ ಒಂದು ಜಾತಿಯ ಪ್ಲಮ್. ಅದು ಹಣ್ಣಾಗುವ ಹೊತ್ತಿಗೆ ಮಳೆ ಶುರುವಾಗುತ್ತದೆ. ಶಿರಸಿ ಕಡೆಯ ಉಪ್ಪಾಗೆಯದ್ದೂ ಇದೇ ಪಾಡು. ಮಳೆಗಾಲದಲ್ಲೇ ಹಣ್ಣಾಗುವುದರಿಂದ ಅದರ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸದೆ ಬೇರೆ ದಾರಿಯಿಲ್ಲ. ಆರೆಗನ್‌ನವರು ಸುರಂಗ ಕಟ್ಟಿದರು. ಇಳಿಜಾರು ನೆಲದ ಉದ್ದನೆಯ ಕೋಣೆ, ತಗ್ಗಿನ ತುದಿಯಲ್ಲಿ ಕುಲುಮೆಯ ಬಿಸಿ. ಆಲ್ಡನ್ ಗೋಪುರಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಹಣ್ಣು ಒಳಗೆ ಹೋಗುವ ದಿಕ್ಕು. ಇಲ್ಲಿ ಹಸಿ ಹಣ್ಣು ಎತ್ತರದ, ತಣ್ಣನೆಯ ತುದಿಯಿಂದ ಒಳಗೆ ಹೋಗಿ, ಗಾಳಿಗೆ ಎದುರಾಗಿ ಕೆಳಗಿಳಿಯುತ್ತಾ ಬಿಸಿಯ ಕಡೆಗೆ ಬರುತ್ತದೆ. ಕೊನೆಯ ಕಷ್ಟದ ನೀರಿಗೆ ಒಳ್ಳೆಯ ಒಣ ಗಾಳಿ ಸಿಗುತ್ತದೆ. ಗೋಪುರದ ತೊಂದರೆ ಇಲ್ಲಿ ಬಗೆಹರಿಯಿತು. ಆದರೆ ಈಗ ಬಿಸಿ ತುದಿಯಲ್ಲಿ ನಿಂತಿರುವುದು ಒಣಗಿದ ಹಣ್ಣು. ಅದಕ್ಕೆ ಬೆವರಿ ತಂಪಾಗುವ ಶಕ್ತಿ ಉಳಿದಿಲ್ಲ. ಕಾಯುವವನು ಸ್ವಲ್ಪ ಕಣ್ಣು ಮುಚ್ಚಿದರೂ ಸೀದುಹೋಗುತ್ತದೆ.

ಕ್ಯಾಲಿಫೋರ್ನಿಯಾದವರಿಗೆ ಇದಾವುದೂ ಬೇಕಿರಲಿಲ್ಲ. ಅವರಿಗೆ ಬಿಸಿಲಿತ್ತು. 1918ರ ಸೆಪ್ಟೆಂಬರ್‌ನಲ್ಲಿ ಅಕಾಲದ ಮಳೆ ಸುರಿಯಿತು. ಬಯಲಿನಲ್ಲಿ ತಟ್ಟೆಗಳ ಮೇಲೆ ಹರವಿದ್ದ ಪ್ರೂನ್, ಒಣದ್ರಾಕ್ಷಿ ನೆನೆದು ಹಾಳಾದವು. ಆ ಏಟಿನ ನಂತರ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಕ್ರೂಸ್ ಮತ್ತು ಅವರ ಜೊತೆಗಾರರು ಒಣಗಿಸುವ ಯಂತ್ರದ ಅಧ್ಯಯನಕ್ಕೆ ಗಟ್ಟಿಯಾಗಿ ಇಳಿದರು. ಗಾಳಿ ತಾನಾಗಿ ಏರಲಿ ಎಂದು ಕಾಯದೆ ಫ್ಯಾನ್ ಇಟ್ಟು ತಳ್ಳುವುದು ರೂಢಿಗೆ ಬಂತು. ಹೊರಗೆ ಹೋಗುವ ಗಾಳಿಯಲ್ಲಿ ಇನ್ನೂ ಬಿಸಿ ಉಳಿದಿರುತ್ತದಲ್ಲ? ಅದರಲ್ಲಿ ಒಂದು ಪಾಲನ್ನು ತಿರುಗಿ ಒಳಗೆ ತಂದರು. ಸೌದೆ, ಎಣ್ಣೆ ಉಳಿಯಿತು. ಇನ್ನೊಂದು ಲಾಭವೂ ಸಿಕ್ಕಿತು. ಗಾಳಿ ತೀರಾ ಒಣಗಿದ್ದರೆ ಹಣ್ಣಿನ ಹೊರಮೈ ಬೇಗ ಬಿಗಿದುಕೊಂಡು ಒಳಗಿನ ನೀರು ಸಿಕ್ಕಿಬೀಳುತ್ತದೆ. ಸುಡುಬಿಸಿಲಿಗೆ ಇಟ್ಟ ದಪ್ಪ ಸಂಡಿಗೆ ಹೊರಗೆ ಗರಿಗರಿ, ಒಳಗೆ ಹಸಿ ಇದ್ದ ಹಾಗೆ. ಸ್ವಲ್ಪ ತೇವದ ಗಾಳಿ ಸೇರಿಸಿದರೆ ಈ ತೊಂದರೆ ಕಡಿಮೆ. ಬಿಸಿ ಎಷ್ಟು, ತೇವ ಎಷ್ಟು, ವೇಗ ಎಷ್ಟು ಎಂಬ ಮೂರನ್ನೂ ಅಳೆದು ಹಿಡಿತದಲ್ಲಿಟ್ಟರು.

ಆಗ ಹೆಸರೂ ಬದಲಾಯಿತು. ಹೊಸ ಯಂತ್ರ ಕಟ್ಟಿದವರಿಗೆ ‘ಎವಾಪೊರೇಟರ್’ ಹಳೆಯ ಕುಲುಮೆಯ ಕಾಲದ ಮಾತಾಗಿ ಕಂಡಿತು. ಅವರು ‘ಡಿಹೈಡ್ರೇಟರ್’ ಎಂದು ಕರೆಯತೊಡಗಿದರು. ಹೀಗೆ ಮೂರು ಪದಗಳು ಉಳಿದವು. ಬಿಸಿಲಿನಲ್ಲಿ ಆದದ್ದು ಡ್ರೈಡ್. ಬೆಂಕಿಯ ಬಿಸಿಗೆ ತಾನಾಗಿ ಏರುವ ಗಾಳಿಯಲ್ಲಿ ಆದದ್ದು ಎವಾಪೊರೇಟೆಡ್. ಫ್ಯಾನ್ ಮತ್ತು ಅಳತೆಯ ಗಾಳಿಯಲ್ಲಿ ಆದದ್ದು ಡಿಹೈಡ್ರೇಟೆಡ್. ಮೂರಕ್ಕೂ ಕನ್ನಡದಲ್ಲಿ ನಾವು ‘ಒಣಗಿಸಿದ್ದು’ ಅಂದುಬಿಡುತ್ತೇವೆ. ಅಂಗಡಿಯಲ್ಲಿ ಅಷ್ಟು ಸಾಕು. ಹಳೆಯ ಬರಹ ಓದುವಾಗ ಸಾಲದು. 1890ರ ಪುಟದಲ್ಲಿ ‘ಎವಾಪೊರೇಟೆಡ್’ ಎಂದು ಕಂಡರೆ ಕುಲುಮೆ, ಹೊಗೆಗೂಡು, ಸಲಿಕೆ ಹಿಡಿದ ಆಳು, ಗಂಧಕದ ಘಾಟು ಎಲ್ಲವೂ ಆ ಒಂದು ಪದದಲ್ಲಿವೆ. ಜೊತೆಗೆ ಯಂತ್ರದ ಚಿತ್ರವೂ ಇದ್ದರೆ, ಹಸಿ ತಟ್ಟೆ ಯಾವ ತುದಿಯಿಂದ ಒಳಗೆ ಹೋಗುತ್ತದೆ ಎಂದು ಹುಡುಕಿ. ಬಿಸಿಯ ಕಡೆಯಿಂದಲೋ, ತಣ್ಣನೆಯ ಕಡೆಯಿಂದಲೋ. ಅದನ್ನು ಕಟ್ಟಿದವರು ಗಾಳಿಯ ಬಗ್ಗೆ ಏನು ಯೋಚಿಸಿದ್ದರು ಎಂಬುದು ಅಲ್ಲಿ ತಿಳಿಯುತ್ತದೆ.