ಬಣ್ಣದ ಚಿತ್ರಕ್ಕೆ ಜಾಮೀನು ಯಾರು?

ಪುಣೆಯ ಪಕ್ಕದ ಖಡಕ್‌ವಾಸ್ಲಾದಲ್ಲಿ, 1916ರಲ್ಲಿ ಆರಂಭವಾದ ಜಲ ಸಂಶೋಧನಾ ಕೇಂದ್ರದಲ್ಲಿ, ಅಣೆಕಟ್ಟು ಮತ್ತು ಬಂದರುಗಳ ಕಿರು ಪ್ರತಿಕೃತಿಗಳಲ್ಲಿ ನಿಜವಾದ ನೀರನ್ನೇ ಹರಿಸಿ ನೋಡುವ ಪದ್ಧತಿ ಕಂಪ್ಯೂಟರ್ ಬಂದ ಮೇಲೂ ನಿಂತಿಲ್ಲ. ಪುಣೆಯದೇ ಹಿಂಜೆವಾಡಿಯಲ್ಲಿ ಬೆಳಗಾವಿ, ಹುಬ್ಬಳ್ಳಿಗಳಿಂದ ಬಂದ ನಮ್ಮ ಎಂಜಿನಿಯರುಗಳು ಇನ್ನೂ ತಯಾರಾಗದ ಕಾರನ್ನು ಲೆಕ್ಕದ ಮೂಲಕವೇ ಕಂಪ್ಯೂಟರ್ ಪರದೆಯ ಮೇಲೆ ಗೋಡೆಗೆ ಗುದ್ದಿಸುತ್ತಾರೆ. ಕೆಂಪು, ಹಳದಿ, ನೀಲಿ ಬಣ್ಣಗಳ ಒತ್ತಡದ ಚಿತ್ರ ಮೂಡಿದೊಡನೆ ಸಭೆಯಲ್ಲಿ ಪ್ರಶ್ನೆಗಳು ಕಡಿಮೆಯಾಗುತ್ತವೆ; ನನ್ನ ಆತಂಕ ಶುರುವಾಗುವುದೇ ಅಲ್ಲಿ.

ಇಂಥ ಲೆಕ್ಕವನ್ನು ನಂಬುವ ಮುನ್ನ ಎರಡು ಪ್ರಶ್ನೆ ಕೇಳಬೇಕು. ಸಮೀಕರಣವನ್ನು ಸರಿಯಾಗಿ ಬಿಡಿಸಿದ್ದೇವೆಯೇ ಎಂಬುದು ವೆರಿಫಿಕೇಷನ್. ಬಿಡಿಸಿದ ಸಮೀಕರಣ ವಾಸ್ತವಕ್ಕೆ ಹೊಂದುತ್ತದೆಯೇ ಎಂಬುದು ವ್ಯಾಲಿಡೇಷನ್. ಮೊದಲ ಪ್ರಶ್ನೆಯಲ್ಲಿ ಎಡವಿದ್ದಕ್ಕೆ ಒಂದು ಉದಾಹರಣೆ: 1991ರಲ್ಲಿ ನಾರ್ವೆಯಲ್ಲಿ ಸ್ಲೈಪ್ನರ್ ತೈಲ ವೇದಿಕೆಯ ಕಾಂಕ್ರೀಟ್ ತಳ ಬಿರುಕುಬಿಟ್ಟು ಮುಳುಗಿತು. ಲೆಕ್ಕಕ್ಕಾಗಿ ರಚನೆಯನ್ನು ಸಣ್ಣ ತುಂಡುಗಳಾಗಿ ವಿಭಜಿಸುವ ಜಾಲ, ಅಂದರೆ ಮೆಶ್, ಒರಟಾಗಿದ್ದುದರಿಂದ ಶಿಯರ್ ಬಲ (ಗೋಡೆಯನ್ನು ಕತ್ತರಿಸುವಂತೆ ಒತ್ತುವ ಬಲ) ಲೆಕ್ಕದಲ್ಲಿ ಶೇ. 47ರಷ್ಟು ಕಡಿಮೆ ಬಂದಿತ್ತು.

ಎರಡನೆಯ ಪ್ರಶ್ನೆ ಇನ್ನೂ ಜಟಿಲ. 2003ರ ಜನವರಿ 16ರಂದು, ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಮೇಲೇರುವಾಗ ಫೋಮಿನ ತುಂಡೊಂದು ಅದರ ಎಡ ರೆಕ್ಕೆಗೆ ಬಡಿಯಿತು. ಹಾನಿಯನ್ನು ಅಂದಾಜಿಸಲು ಬಳಸಿದ ‘ಕ್ರೇಟರ್’ ಎಂಬ ಲೆಕ್ಕದ ಮಾದರಿಯನ್ನು ಹೊಂದಿಸಿದ್ದು ಬಲು ಸಣ್ಣ ಚೂರುಗಳ ಪ್ರಯೋಗಗಳಿಂದ. ಬಡಿದ ತುಂಡು ಅವುಗಳಿಗಿಂತ ನೂರಾರು ಪಟ್ಟು ದೊಡ್ಡದು. ವಿಚಿತ್ರವೆಂದರೆ, ಆ ಮಾದರಿ ನೌಕೆಯನ್ನು ಶಾಖದಿಂದ ಕಾಪಾಡುವ ಹೆಂಚಿನ ದಪ್ಪವನ್ನೂ ಮೀರುವ ಗಾಯದ ಸಾಧ್ಯತೆಯನ್ನು ತೋರಿಸಿತ್ತು. ಅದು ಯಾವಾಗಲೂ ಹೆಚ್ಚೇ ಹೇಳುತ್ತದೆ ಎಂಬ ಅನುಭವದ ಬಲದ ಮೇಲೆ ಆ ಉತ್ತರವನ್ನು ಕಡೆಗಣಿಸಲಾಯಿತು. ಅಂದರೆ ಮಾದರಿಯನ್ನು ನಂಬಿದ್ದೂ, ನಂಬದೆ ಇದ್ದುದೂ ಎರಡೂ ಅಳತೆಯಿಲ್ಲದೆ ನಡೆದವು. ಫೆಬ್ರವರಿ 1ರಂದು ನೌಕೆ ಹಿಂತಿರುಗುವಾಗ ಛಿದ್ರವಾಯಿತು, ಏಳೂ ಮಂದಿ ತೀರಿಕೊಂಡರು.

ಆ ದುರಂತದ ತನಿಖೆಯ ಬೆನ್ನಲ್ಲಿ ನಾಸಾ 2008ರಲ್ಲಿ ಇಂಥ ಮಾದರಿಗಳಿಗಾಗಿ 7009 ಸಂಖ್ಯೆಯ ಮಾನದಂಡವನ್ನು ಹೊರತಂದಿತು. ಅದರ ಆ ಮೊದಲ ಆವೃತ್ತಿಯಲ್ಲಿ ಎಂಟು ಅಂಶಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕವಿತ್ತು: ವೆರಿಫಿಕೇಷನ್, ವ್ಯಾಲಿಡೇಷನ್‌ಗಳ ಜೊತೆಗೆ ಒದಗಿಸಿದ ಮಾಹಿತಿಯ ಮೂಲ, ಉತ್ತರದ ಅನಿಶ್ಚಿತತೆ, ಮಾದರಿಯ ಹಿಂದಿನ ಬಳಕೆ, ಲೆಕ್ಕ ಮಾಡಿದವರ ಅರ್ಹತೆ ಮೊದಲಾದವು. ಕಡಿಮೆ ಅಂಕದ ಮಾದರಿಯನ್ನು ಬಳಸಲೇಬಾರದೆಂದು ಅದು ಹೇಳುವುದಿಲ್ಲ. ನಿರ್ಧರಿಸುವವರ ಮುಂದೆ ಉತ್ತರದೊಡನೆ ಅದರ ಅಂಕವನ್ನೂ, ಮಾದರಿಯನ್ನು ಪರೀಕ್ಷಿಸಿದ ಎಲ್ಲೆಯನ್ನೂ ಇಡಬೇಕೆನ್ನುತ್ತದೆ. ಈ ಕೊನೆಯದೇ ನನಗೆ ಮುಖ್ಯವೆನಿಸುತ್ತದೆ, ಏಕೆಂದರೆ ಉಕ್ಕಿನ ಬಾಗಿಲಿನ ಪ್ರಯೋಗಗಳಿಗೆ ಹೊಂದಿಸಿದ ಮಾದರಿಗೆ ಅಲ್ಯೂಮಿನಿಯಂನ ಅಂಕಿಗಳನ್ನು ತುಂಬಿದರೆ ಕಂಪ್ಯೂಟರ್ ತಕರಾರು ಮಾಡುವುದಿಲ್ಲ, ಚಿತ್ರ ಅಷ್ಟೇ ಅಂದವಾಗಿ ಮೂಡುತ್ತದೆ.